ಗೃಹವಿಚಾರ: ಗಾಡಿಯ ಅಂಕಿಗಳನ್ನು ಅಳೆದವರು ಯಾರು?



ಸೋಮವಾರ ಬೆಳಿಗ್ಗೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಎದುರು ಸ್ವಲ್ಪ ಹೊತ್ತು ನಿಂತರೆ ಹೊಸ ಮೋಟಾರ್‌ಸೈಕಲ್ಲಿನ ಪೂಜೆ ಆಗಾಗ ಕಣ್ಣಿಗೆ ಬೀಳುತ್ತದೆ. ಹ್ಯಾಂಡಲ್ಲಿಗೆ ಹೂಮಾಲೆ, ಟಾಕಿಯ ಮೇಲೆ ಮೂರು ಎಳೆ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು. ನಿಂಬೆಹಣ್ಣಿನ ಈ ಶಾಸ್ತ್ರ ಶರಣಧರ್ಮಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬ ಚರ್ಚೆ ಇನ್ನೊಂದು ಸಂಚಿಕೆಗೆ ಇರಲಿ. ಗಾಡಿಯ ಪಕ್ಕದಲ್ಲಿ ತಾಯಿ ಸೆರಗು ಹೊದ್ದು ಕೈಮುಗಿದಿರುತ್ತಾಳೆ. ತಂದೆಯ ಜೇಬಿನಲ್ಲಿ ಸಾಲದ ಕಂತಿನ ಕಾಗದವಿರುತ್ತದೆ. ಹೊಲ ಕೊಂಡರೆ ಪಹಣಿ ನೋಡುವ, ಎತ್ತು ಕೊಂಡರೆ ಹಲ್ಲು ಎಣಿಸುವ ನಮ್ಮ ಮನೆತನಗಳು, ಲಕ್ಷ ರೂಪಾಯಿಯ ಈ ಯಂತ್ರವನ್ನು ಮಾತ್ರ ಒಂದು ಬಣ್ಣದ ಕಾಗದದಲ್ಲಿ ಅಚ್ಚಾದ ಅಂಕಿಗಳನ್ನು ನಂಬಿ ಮನೆಗೆ ತರುತ್ತವೆ.

ಈ ವಿಚಾರ ಬರೆಯಲು ಕಾರಣನಾದವನು ನನ್ನ ತಂಗಿಯ ಮಗ. ಮನೆ ಕಮಲಾಪುರ, ನೌಕರಿ ಕಲಬುರಗಿಯಲ್ಲಿ. ಹೋಗುವುದಕ್ಕೆ ಸುಮಾರು 35 ಕಿಲೋಮೀಟರ್, ಬರುವುದಕ್ಕೆ ಅಷ್ಟೇ. ಮೂರು ಗಾಡಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ ಎರಡು ಪಟ್ಟಿಗಳನ್ನು ಬರೆದುಕೊಂಡು ಬಂದಿದ್ದ. "ಮಾಮಾ, ಎರಡೂ ಕಡೆ ಒಂದೇ ಗಾಡಿ ಅದ, ಅಂಕಿ ಮಾತ್ರ ಬ್ಯಾರೆ ಬ್ಯಾರೆ ಅವ. ಇದ್ರಾಗ ಖರೇ ಯಾವ್ದು?" ಎಂದು ಕೇಳಿದ. ಹೀರೋ ಕಂಪನಿಯ ಸ್ಪ್ಲೆಂಡರ್ ಪ್ಲಸ್ ಗಾಡಿಯ ಎಂಜಿನ್ ಶಕ್ತಿ ಒಂದು ಪಟ್ಟಿಯಲ್ಲಿ 8.02, ಇನ್ನೊಂದರಲ್ಲಿ 7.91 ಎಂದಿತ್ತು. ಮೊದಲನೆಯದು ಹೊಸ ಮಾದರಿಯಿರಬೇಕು, ಅದರ ಬಲ ಹೆಚ್ಚು ಎಂದು ಅವನು ತೀರ್ಮಾನಿಸಿಯೂ ಆಗಿತ್ತು.

ವಾಸ್ತವವಾಗಿ ಎರಡೂ ಖರೆಯೇ. ಕಂಪನಿ ಘೋಷಿಸಿದ ಮೂಲ ಅಂಕಿ 5.9 ಕಿಲೋವ್ಯಾಟ್, ನಿಮಿಷಕ್ಕೆ 8000 ಸುತ್ತಿನಲ್ಲಿ. ಕುದುರೆ ಶಕ್ತಿ ಎಂಬ ಅಳತೆಯಲ್ಲಿ ಎರಡು ಬಗೆಗಳಿವೆ. ಯುರೋಪ್ ಖಂಡದ ಮೆಟ್ರಿಕ್ ಕುದುರೆ 735.5 ವ್ಯಾಟ್, 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಬಲ. ಇಂಗ್ಲಿಷರ ಕುದುರೆ 745.7 ವ್ಯಾಟ್, ಸ್ವಲ್ಪ ದಷ್ಟಪುಷ್ಟ. ಕಿಲೋವ್ಯಾಟ್ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ 8.02, ಎರಡನೆಯದರಿಂದ ಭಾಗಿಸಿದರೆ 7.91. ಮೊದಲ ಪಟ್ಟಿಯವನು 'ಪಿಎಸ್' ಎಂದೂ ಎರಡನೆಯವನು 'ಬಿಎಚ್‌ಪಿ' ಎಂದೂ ಅಂಕಿಯ ಪಕ್ಕದಲ್ಲಿ ಬರೆದಿದ್ದರು. ಹುಡುಗ ಅಂಕಿಯನ್ನು ಇಳಿಸಿಕೊಂಡ, ಅಕ್ಷರವನ್ನು ಬಿಟ್ಟ. ಹೋಲಿಕೆಯ ಪಟ್ಟಿಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಈ ಜಾತಿಯವೇ. ಒಂದು ಗಾಡಿಗೆ ಪಿಎಸ್, ಪಕ್ಕದ ಗಾಡಿಗೆ ಬಿಎಚ್‌ಪಿ ಹಾಕಿ, ಯಾವುದು ದೊಡ್ಡದೆಂದು ತೀರ್ಪು ಕೊಡುವುದು ಸೇರಿನ ಜೋಳವನ್ನು ಕಿಲೋದ ಜೋಳದೊಡನೆ ತೂಗಿದಂತೆ. ಆದ್ದರಿಂದ ಪಟ್ಟಿ ಬರೆಯುವವರು ಎಲ್ಲವನ್ನೂ ಮೊದಲು ಕಿಲೋವ್ಯಾಟಿಗೆ ತರಬೇಕು.

ಪಟ್ಟಿಯಲ್ಲಿ ಮನೆಯಲ್ಲೇ ಕುಳಿತು ತಾಳೆ ನೋಡಬಹುದಾದ ಅಂಕಿ ಒಂದಿದೆ: ಎಂಜಿನ್ನಿನ ಸಿಸಿ. ಸಿಲಿಂಡರಿನ ಒಳವ್ಯಾಸಕ್ಕೆ ಬೋರ್ ಎಂದೂ, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರಕ್ಕೆ ಸ್ಟ್ರೋಕ್ ಎಂದೂ ಹೆಸರು. ಬೋರಿನ ವರ್ಗವನ್ನು ಸ್ಟ್ರೋಕಿನಿಂದ ಗುಣಿಸಿ, ಅದನ್ನು 0.7854ರಿಂದ ಗುಣಿಸಬೇಕು. ಅಳತೆಗಳು ಸೆಂಟಿಮೀಟರಿನಲ್ಲಿರಬೇಕು, ಸಿಲಿಂಡರ್ ಎರಡಿದ್ದರೆ ಉತ್ತರವನ್ನು ದ್ವಿಗುಣಗೊಳಿಸಬೇಕು. ಸ್ಪ್ಲೆಂಡರಿನ ಬೋರ್ 50 ಮಿಲಿಮೀಟರ್, ಸ್ಟ್ರೋಕ್ 49.5, ಉತ್ತರ 97.2 ಸಿಸಿ. ಜನ ಅದನ್ನು ನೂರು ಸಿಸಿ ಗಾಡಿ ಎನ್ನುತ್ತಾರೆ, ಅದು ವಾಡಿಕೆಯ ಮಾತು. ಎಂಟನೆಯ ತರಗತಿಯ ಮಗಳು ಈ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡಿಯಾಳು. ಬೋರ್, ಸ್ಟ್ರೋಕ್, ಸಿಸಿ ಮೂರೂ ಒಂದಕ್ಕೊಂದು ಹೊಂದದಿದ್ದರೆ ಆ ಪಟ್ಟಿಯಲ್ಲಿ ಯಾವುದೋ ಒಂದು ಅಂಕಿ ಬೇರೆ ಗಾಡಿಯಿಂದ ಬಂದು ಸೇರಿದೆ ಎಂದೇ ತಿಳಿಯಬೇಕು.

ಹೀಗೆ ಬಂದು ಸೇರುವುದು ಸುಲಭ. ಹೆಸರು ಉಳಿದು ಯಂತ್ರ ಬದಲಾಗಿರುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎಂಬ ಹೆಸರಿನಲ್ಲಿ ಮೊದಲು ಬರುತ್ತಿದ್ದ ಎಂಜಿನ್ನಿನ ಬೋರ್ 70, ಸ್ಟ್ರೋಕ್ 90. ಲೆಕ್ಕ ಹಾಕಿದರೆ 346 ಸಿಸಿ. 2021ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಎಂಜಿನ್ನಿಗೆ 72 ಮತ್ತು 85.8, ಅದು 349 ಸಿಸಿ. ನಮ್ಮ ನಾಡಿನ ಉದಾಹರಣೆಯೇ ಬೇಕೆಂದರೆ ಮೈಸೂರಿನದಿದೆ. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ತಯಾರಿಸಿತು. ಮುಂದೆ ಎಜ್ದಿ ಎಂಬ ಹೆಸರಿನಿಂದ ಅದು ಊರೂರಿಗೆ ಪರಿಚಿತವಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದು ಹೊಗೆ ಉಗುಳುವ ಟೂ ಸ್ಟ್ರೋಕ್, ಬೋರ್ 65, ಸ್ಟ್ರೋಕ್ 75. ಅದೇ ಎಜ್ದಿ ಹೆಸರು 2022ರ ಜನವರಿಯಲ್ಲಿ ಮರಳಿ ಬಂದಾಗ ಒಳಗಿದ್ದುದು 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಹಳೆಯದಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ. ಆದುದರಿಂದ ಪಟ್ಟಿಯಲ್ಲಿ ಗಾಡಿಯ ಹೆಸರಿನ ಜೊತೆಗೆ ತಯಾರಿಕೆಯ ವರ್ಷವೂ ಮಾದರಿಯ ದರ್ಜೆಯೂ ಇರಲೇಬೇಕು. ಹೊಗೆಯ ನಿಯಮ ಭಾರತ್ ಸ್ಟೇಜ್ ನಾಲ್ಕರಿಂದ ಆರಕ್ಕೆ ಏರಿದ್ದು 2020ರ ಏಪ್ರಿಲ್ 1ರಂದು. ಆ ದಿನಾಂಕದ ಹಿಂದಿನ ಅಂಕಿಯನ್ನು ಮುಂದಿನ ಗಾಡಿಗೆ ಹಚ್ಚುವುದು ಸಲ್ಲದು.

ಇನ್ನು ಮುಖ್ಯ ಪ್ರಶ್ನೆ. ಈ ಅಂಕಿಗಳನ್ನು ಅಳೆದವರು ಯಾರು? ಕಂಪನಿಯೇ ಅಳೆದು ತಾನೇ ಬರೆದುಕೊಳ್ಳುತ್ತದೆಯೆ? ಅಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ನಮ್ಮೂರಿನಿಂದ ರೈಲು ಹತ್ತಿ ಸೊಲ್ಲಾಪುರ ದಾಟಿ ಮುಂದೆ ಹೋದರೆ ಪುಣೆ. ಅಲ್ಲಿ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯಿದೆ, ಸಂಕ್ಷೇಪವಾಗಿ ಎ.ಆರ್.ಎ.ಐ.; 1966ರಲ್ಲಿ ಸ್ಥಾಪಿತವಾದದ್ದು. ಪುಣೆಯ ಜನ ಅದರ ಹಿಂದಿನ ಗುಡ್ಡವನ್ನು ಅದರ ಹೆಸರಿನಿಂದಲೇ ಕರೆಯುತ್ತಾರೆ. ಹರಿಯಾಣದ ಮಾನೇಸರ್, ಚೆನ್ನೈ ಸಮೀಪದ ಒರಗಡಂ ಮುಂತಾದೆಡೆಗಳಲ್ಲಿಯೂ ಇಂಥ ಪರೀಕ್ಷಾ ಕೇಂದ್ರಗಳಿವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದ ಪ್ರಕಾರ ಯಾವುದೇ ಹೊಸ ಮಾದರಿಯ ಗಾಡಿ ಮಾರುಕಟ್ಟೆಗೆ ಬರುವ ಮೊದಲು ಅದರ ಒಂದು ಮೂಲಮಾದರಿ ಇಂಥ ಕೇಂದ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಎಂಜಿನ್ನಿನ ಶಕ್ತಿ, ಹೊಗೆ, ಬ್ರೇಕು, ತೂಕ, ದೀಪ, ಶಬ್ದ ಎಲ್ಲಕ್ಕೂ ಅಲ್ಲಿ ಗೊತ್ತುಪಡಿಸಿದ ಪದ್ಧತಿಯಿದೆ. ಕಂಪನಿ ಘೋಷಿಸಿದ ಅಂಕಿ ನಿಯಮ ಒಪ್ಪುವ ಮಿತಿಯೊಳಗೆ ಬಂದರೆ ಪ್ರಮಾಣಪತ್ರ. ಮುಂದೆ ತಯಾರಿಕೆ ಆರಂಭವಾದ ಮೇಲೂ ಆಗಾಗ ಮಾದರಿ ತೆಗೆದು ನೋಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಪರೀಕ್ಷೆಗೆ ಒಳಪಟ್ಟದ್ದು ಮಾದರಿಯ ಗಾಡಿ. ತಮ್ಮ ಮನೆಯ ಅಂಗಳದಲ್ಲಿ ನಿಂತ ಗಾಡಿಯಲ್ಲ.

ಪಟ್ಟಿಯ ಎಲ್ಲ ಅಂಕಿಗಳಿಗೂ ಈ ಪರೀಕ್ಷೆಯ ಬೆಂಬಲ ಒಂದೇ ತೆರನಾಗಿ ಇರುವುದಿಲ್ಲ. ಶಕ್ತಿ, ಹೊಗೆ, ತೂಕದಂಥವು ಪ್ರಮಾಣಪತ್ರದ ಅಂಕಿಗಳು. ಇಷ್ಟು ಸೆಕೆಂಡಿನಲ್ಲಿ ಅರವತ್ತರ ವೇಗ, ಇಷ್ಟು ಮೀಟರಿನಲ್ಲಿ ಬ್ರೇಕು ಎಂಬಂಥವುಗಳನ್ನು ಸಾಮಾನ್ಯವಾಗಿ ಮೋಟಾರು ಪತ್ರಿಕೆಯವರು ಉಪಗ್ರಹದ ಸಂಕೇತ ಹಿಡಿಯುವ ಉಪಕರಣವನ್ನು ಗಾಡಿಗೆ ಕಟ್ಟಿ ತಾವೇ ಅಳೆಯುತ್ತಾರೆ. ಗಾಡಿಯ ಸ್ಪೀಡೋಮೀಟರನ್ನು ಅವರು ನಂಬುವುದಿಲ್ಲ, ಅದಕ್ಕೆ ಕಾರಣವೂ ಇದೆ: ನಿಜವೇಗಕ್ಕಿಂತ ಕಡಿಮೆ ತೋರಿಸಬಾರದೆಂಬ ಕಟ್ಟುಪಾಡಿನಿಂದಾಗಿ ಸ್ಪೀಡೋಮೀಟರ್‌ಗಳು ಸ್ವಲ್ಪ ಹೆಚ್ಚೇ ತೋರಿಸುತ್ತವೆ. ಅತ್ಯಧಿಕ ವೇಗದ ಅಂಕಿಯ ಗೋಜಿಗೆ ನಾನು ಹೋಗುವುದಿಲ್ಲ; ನಮ್ಮ ಮಕ್ಕಳಿಗೆ ಅದು ಬೇಕಾಗದಿರಲಿ.

ತೂಕದ ವಿಷಯ ನಮ್ಮ ಭಾಗದ ರೈತಾಪಿ ಜನರಿಗೆ ಬೇಗ ಅರ್ಥವಾಗುವಂಥದು. ಮಾರುಕಟ್ಟೆಯಲ್ಲಿ ತೊಗರಿ ತೂಗುವಾಗ ಮೊದಲ ಪ್ರಶ್ನೆ, ಚೀಲ ಸಹಿತವೋ ಚೀಲ ಕಳೆದೋ ಎಂಬುದು. ಎರಡನೆಯದು, ಕಾಳಿನಲ್ಲಿ ಹಸಿ ಎಷ್ಟು ಎಂಬುದು. ಗಾಡಿಯಲ್ಲಿಯೂ ಹಾಗೆಯೇ. ಎಣ್ಣೆ, ಪೆಟ್ರೋಲು, ಸಲಕರಣೆ ಎಲ್ಲ ತುಂಬಿ ನಿಲ್ಲಿಸಿದಾಗಿನದು 'ಕರ್ಬ್' ತೂಕ; ಎಲ್ಲ ಬಸಿದು ತೆಗೆದಾಗಿನದು 'ಡ್ರೈ' ತೂಕ. ಹಳೆಯ ಗಾಡಿಗಳ ಮತ್ತು ಕೆಲವು ವಿದೇಶಿ ಗಾಡಿಗಳ ವಿವರಗಳಲ್ಲಿ ಎರಡನೆಯದು ಕಾಣಸಿಗುತ್ತದೆ. ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದ ಆಸುಪಾಸು. 13 ಲೀಟರಿನ ಟಾಕಿ ತುಂಬಿದರೆ ಅದೊಂದರಿಂದಲೇ ಸುಮಾರು 10 ಕಿಲೋ ವ್ಯತ್ಯಾಸ ಬಂತು. ಚೀಲ ಕಳೆದ ಗಾಡಿಯನ್ನು ಚೀಲ ಸಹಿತ ಗಾಡಿಯ ಪಕ್ಕದಲ್ಲಿಟ್ಟು "ಇದು ಹಗುರು" ಎಂದು ಬರೆದ ಪಟ್ಟಿಗಳಿವೆ.

ಅಳತೆಯ ಮಾತು ಬಂದಾಗ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದದ್ದು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಕಂಡಾಗ, ಆ ತಾಯಿ ಅದನ್ನು ಒಲೆಗೆ ಏರಿಸದೆ ಮರಳಿ ಚೆಲ್ಲಿ ಬರಲು ಕಳುಹಿಸಿದರು. ಅಕ್ಕಿಯಲ್ಲಿ ದೋಷವಿರಲಿಲ್ಲ, ಅವರ ಕಣ್ಣು ಬಿದ್ದದ್ದು ಅಳತೆಯ ಮೇಲೆ. ಮನೆಗೆ ಬಂದದ್ದು ಎಲ್ಲಿಂದ, ಎಷ್ಟು, ಏಕೆ ಹೆಚ್ಚು ಎಂದು ಕೇಳುವ ಆ ಗೃಹಿಣಿಯ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ. ತಂಗಿ ಮಗನನ್ನು ಕೇಳಿದ್ದೂ ಅದನ್ನೇ: "ಲೀಟರಿಗೆ ಎಪ್ಪತ್ತು ಅಂತಿಯಲ್ಲಪಾ, ಯಾರು ಓಡ್ಸಿ ನೋಡ್ಯಾರ?"

ಆ ತಾಯಿಯ ಪ್ರಶ್ನೆಗೆ ಉತ್ತರ ಕುತೂಹಲಕರವಾಗಿದೆ. ರಸ್ತೆಯಲ್ಲಿ ಯಾರೂ ಓಡಿಸಿ ನೋಡಿರುವುದಿಲ್ಲ! ಜಾಹೀರಾತಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ನಿಯಮ 115ರ ಪ್ರಕಾರ ಪರೀಕ್ಷಾ ಸಂಸ್ಥೆ ದೃಢೀಕರಿಸಿದ್ದು ಎಂಬರ್ಥದ ಒಂದು ಸಾಲಿರುತ್ತದೆ. ಆ ನಿಯಮ ಹೊಗೆಗೆ ಸಂಬಂಧಿಸಿದ್ದು. ಪರೀಕ್ಷಾಗೃಹದಲ್ಲಿ ಗಾಡಿಯನ್ನು ಕಟ್ಟಿ ನಿಲ್ಲಿಸಿ, ಅದರ ಗಾಲಿ ಉರುಳೆಯ ಮೇಲೆ ತಿರುಗುವಂತೆ ಮಾಡುತ್ತಾರೆ. ಎದುರಿನ ಪರದೆಯಲ್ಲಿ ಒಂದು ಗೆರೆ ಏರಿಳಿಯುತ್ತ ಸಾಗುತ್ತದೆ. ಸವಾರ ಆ ಗೆರೆಯಂತೆ ವೇಗವನ್ನು ಏರಿಸಿ ಇಳಿಸಬೇಕು. ಈ ಕ್ರಮಕ್ಕೆ ವಿಶ್ವ ಮೋಟಾರ್‌ಸೈಕಲ್ ಪರೀಕ್ಷಾ ಚಕ್ರ ಎಂದು ಹೆಸರು. ನಮ್ಮಲ್ಲಿ ಹಿಂದೆ ಇದ್ದ ಭಾರತೀಯ ಚಾಲನಾ ಚಕ್ರದ ಸ್ಥಾನಕ್ಕೆ ಇದು ಬಂದಿದೆ. ಹೊರಬಂದ ಹೊಗೆಯನ್ನು ಚೀಲಗಳಲ್ಲಿ ಹಿಡಿದು ಅದರೊಳಗಿನ ಇಂಗಾಲವೆಷ್ಟೆಂದು ಅಳೆಯುತ್ತಾರೆ. ಪೆಟ್ರೋಲಿನಲ್ಲಿದ್ದ ಇಂಗಾಲವೇ ಹೊಗೆಯಾಗಿ ಬರಬೇಕಷ್ಟೆ. ಆ ಲೆಕ್ಕದಿಂದ ಉರಿದ ಪೆಟ್ರೋಲು ಎಷ್ಟೆಂದು ತಿಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲ ಗಾಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣದು. ಒಂದು ಗಾಡಿಗೂ ಇನ್ನೊಂದಕ್ಕೂ ಇರುವ ಅಂತರವನ್ನು ಅರಿಯಲು ಆ ಅಂಕಿ ಯೋಗ್ಯ; ತಿಂಗಳ ಪೆಟ್ರೋಲಿನ ಖರ್ಚು ಕಟ್ಟಲು ಯೋಗ್ಯವಲ್ಲ. ಏಕೆಂದರೆ ಪರೀಕ್ಷಾಗೃಹದ ಉಷ್ಣತೆ 20ರಿಂದ 30 ಡಿಗ್ರಿಯೊಳಗೆ. ನಮ್ಮ ಕಲಬುರಗಿಯ ವೈಶಾಖ 40 ದಾಟುತ್ತದೆ. ಅಲ್ಲಿ ಎದುರುಗಾಳಿಯಿಲ್ಲ, ಉಬ್ಬುತಗ್ಗುಗಳಿಲ್ಲ, ಹಿಂದೆ ತಾಯಿ ಕುಳಿತಿಲ್ಲ, ತಾಯಿಯ ತೊಡೆಯ ಮೇಲೆ ಕಮಲಾಪುರದ ಕೆಂಬಾಳೆಯ ಗೊನೆಯೂ ಇಲ್ಲ.

ಇನ್ನೂ ಹಳೆಯ ಕಾಲದ ಪತ್ರಗಳಲ್ಲಿ ಸಮತಟ್ಟು ರಸ್ತೆಯಲ್ಲಿ ಒಂದೇ ಸಮನೆ ನಿಧಾನವಾಗಿ ಓಡಿಸಿದಾಗಿನ ಮೈಲೇಜನ್ನು ಅಚ್ಚು ಹಾಕುತ್ತಿದ್ದರು. ತಂದೆಯ ಹಳೆಯ ಗಾಡಿ ಮಗನ ಹೊಸ ಗಾಡಿಗಿಂತ ಹೆಚ್ಚು ಕೊಡುತ್ತಿತ್ತೆಂಬ ಮನೆಮನೆಯ ವಾದದಲ್ಲಿ ಸ್ವಲ್ಪ ಪಾಲು ಈ ಬೇರೆ ಬೇರೆ ಅಳತೆಗಳದು. ಇಂಧನವೂ ಬದಲಾಗಿದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದ, ಹಳೆಯ ಇಂಧನಕ್ಕೆಂದು ರೂಪಿಸಿದ ದ್ವಿಚಕ್ರ ವಾಹನಗಳ ಮೈಲೇಜು ಶೇಕಡಾ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಎಥೆನಾಲಿನ ಪ್ರತಿ ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾದುದೇ ಕಾರಣ.

ನಮ್ಮ ಹುಡುಗನ ಲೆಕ್ಕದಲ್ಲಿ ಇದರ ಬೆಲೆ ಎಷ್ಟು? ದಿನಕ್ಕೆ 70 ಕಿಲೋಮೀಟರ್, ತಿಂಗಳಿಗೆ 25 ದಿನ, ಒಟ್ಟು 1750. ಲೀಟರಿಗೆ 70 ಬಂದರೆ 25 ಲೀಟರ್ ಬೇಕು. 50 ಬಂದರೆ 35. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸಾವಿರದ ಅಂತರ. ಕಂತು ಕಟ್ಟುವ ಮನೆಯಲ್ಲಿ ಸಾವಿರ ರೂಪಾಯಿ ಎಂದರೆ ಕಿರಿಯವಳ ಶಾಲೆಯ ಬಸ್ಸಿನ ಹಣ.

ದುಡ್ಡಿನ ಮಾತು ಇಷ್ಟಾಯಿತು. ಜೀವದ ಮಾತು ಬೇರೆ. ಹುಡುಗನ ಪಟ್ಟಿಯಲ್ಲಿ ಎರಡು ದೊಡ್ಡ ಗಾಡಿಗಳ ಎದುರು "ಎ.ಬಿ.ಎಸ್.: ಇದೆ" ಎಂದಿತ್ತು. ಬ್ರೇಕು ಜೋರಾಗಿ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಅದು. 125 ಸಿಸಿಗಿಂತ ಮೇಲಿನ ಗಾಡಿಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಆದರೆ ಅದರಲ್ಲಿ ಒಂಟಿ ಚಾನೆಲ್ಲಿನದು ಮುಂದಿನ ಗಾಲಿಯನ್ನು ಮಾತ್ರ ಕಾಯುತ್ತದೆ. ಜೋಡಿ ಚಾನೆಲ್ಲಿನದು ಎರಡನ್ನೂ. ಪಟ್ಟಿಯ "ಇದೆ" ಎಂಬ ಒಂದೇ ಪದ ಎರಡನ್ನೂ ಸಮ ಮಾಡಿಬಿಟ್ಟಿತ್ತು. ಒಂದೇ ಹೆಸರಿನ ಗಾಡಿಯ ಕಡಿಮೆ ಬೆಲೆಯ ದರ್ಜೆಗೆ ಒಂಟಿ, ಹೆಚ್ಚು ಬೆಲೆಯದಕ್ಕೆ ಜೋಡಿ ಇರುವುದುಂಟು. ಇದನ್ನು ಕಾಗದದಲ್ಲಿ ಹುಡುಕುವುದಕ್ಕಿಂತ ಗಾಡಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡುವುದು ಮೇಲು. ಬ್ರೇಕಿನ ತಟ್ಟೆಯ ಮಗ್ಗುಲಲ್ಲಿ ತೂತುಗಳುಳ್ಳ ಒಂದು ಸಣ್ಣ ಬಳೆ, ಅದಕ್ಕೆ ಎದುರಾಗಿ ತಂತಿಯುಳ್ಳ ಒಂದು ಸೆನ್ಸರ್ ಇರುತ್ತದೆ. ಹಿಂದಿನ ಗಾಲಿಗೆ ಅವು ಇಲ್ಲದಿದ್ದರೆ ಎರಡೂ ಗಾಲಿಗೆ ರಕ್ಷಣೆಯಿದೆ ಎಂಬ ಮಾತಿಗೆ ಆಧಾರವಿಲ್ಲ.

ನಮ್ಮ ಮನೆಯಲ್ಲಿಯೇ ಒಮ್ಮೆ ಹೀಗಾಗಿದೆ. ಅಣ್ಣನ ಮಗ ಗಾಡಿ ತಂದಾಗ ಅವನ ಕೈಗೆ ಕೊಟ್ಟ ಬಣ್ಣದ ಪತ್ರ ಮೇಲಿನ ದರ್ಜೆಯ ಗಾಡಿಯದು, ಮನೆಗೆ ಬಂದದ್ದು ಕೆಳಗಿನ ದರ್ಜೆಯದು. ತಯಾರಕರು ಕೊಡುವ ನಮೂನೆ 22 ಎಂಬ ಪತ್ರವನ್ನು ಬಿಡಿಸಿ ಓದಿದಾಗ ಗಾಡಿ ತಯಾರಾಗಿ ಒಂಬತ್ತು ತಿಂಗಳು ಕಳೆದಿದ್ದುದೂ ಗೊತ್ತಾಯಿತು. ಅಂಗಡಿಯವರನ್ನು ಕೇಳಿದರೆ "ಎಲ್ಲ ಒಂದೇ ಅವ್ರಿ" ಎಂದರು. ನಾವು ಪೂಜೆ ಮಾಡಿಸಿದ ಮೇಲೆ ಕಾಗದ ಓದಿದ್ದೆವು. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ನೋಂದಣಿಯ ಆರ್.ಸಿ.ಯಲ್ಲಿ ಸಿಸಿ, ಖಾಲಿ ಗಾಡಿಯ ತೂಕ, ತಯಾರಾದ ತಿಂಗಳು, ಹೊಗೆಯ ದರ್ಜೆ ಇವೆಲ್ಲ ನಮೂದಾಗಿರುತ್ತವೆ. ಅದೇ ಮಾದರಿಯ ಗಾಡಿ ಇಟ್ಟುಕೊಂಡ ನೆರೆಯವರ ಆರ್.ಸಿ. ನೋಡಿದರೂ ಪಟ್ಟಿಯ ಅರ್ಧ ಅಂಕಿಗಳು ತಾಳೆಯಾಗುತ್ತವೆ.

"ಹತ್ತು ಕಡೆ ಇದೇ ಅಂಕಿ ಅದ ಮಾಮಾ, ಸುಳ್ಳು ಹ್ಯಾಂಗಾದೀತು?" ಎಂದು ಹುಡುಗ ವಾದಿಸಿದ. ಹತ್ತೂ ಕಡೆಯವರು ಕಂಪನಿ ಪತ್ರಿಕೆಗಳಿಗೆ ಕಳುಹಿಸಿದ ಒಂದೇ ಪ್ರಕಟಣೆಯಿಂದ ನಕಲು ಮಾಡಿದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಮೊದಲು ಬರೆದವನ ಬೆರಳು ಜಾರಿದ್ದರೆ ಹತ್ತೂ ಕಡೆ ಅದೇ ಜಾರಿಕೆ. ಎರಡನೆಯ ಸಾಕ್ಷಿಯೆಂದರೆ ತಾನೇ ಅಳೆದವನು ಅಥವಾ ಪ್ರಮಾಣಪತ್ರ ನೋಡಿದವನು. ಪಟ್ಟಿಯ ಪ್ರತಿ ಅಂಕಿಯ ಮಗ್ಗುಲಲ್ಲಿ ಅದು ಎಲ್ಲಿಂದ ಬಂತೆಂದು ಪೆನ್ಸಿಲಿನಲ್ಲಿ ಬರೆಯಲು ಹೇಳಿದೆ. ಸಂಜೆಯಾಗುವ ಹೊತ್ತಿಗೆ ಹದಿನೆಂಟು ಸಾಲಿನ ಪಟ್ಟಿಯಲ್ಲಿ ಆರು ಸಾಲಿಗೆ ಮೂಲವೇ ಸಿಗಲಿಲ್ಲ. ಅವುಗಳನ್ನು ಅವನೇ ಹೊಡೆದುಹಾಕಿದ.

ಗಾಡಿ ಬಂದು ಈಗ ಎರಡು ತಿಂಗಳು. ಯಾವ ಕಂಪನಿಯದೆಂದು ಹೇಳಿದರೆ ಜಾಹೀರಾತಾದೀತು. ಜೋಡಿ ಚಾನೆಲ್ಲಿನದನ್ನೇ ತಂದರೆಂಬುದಷ್ಟು ಸಾಕು. ಅದಕ್ಕಾಗಿ ತಂಗಿ ತನ್ನ ಚೀಟಿಯ ಹಣದಿಂದ ಮೇಲಿನದನ್ನು ತುಂಬಿದಳು. ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಒಂದೇ ಬಂಕಿನಲ್ಲಿ ಗಾಡಿಯನ್ನು ನೇರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದೇ ಮಟ್ಟಕ್ಕೆ ಪೆಟ್ರೋಲು ತುಂಬಿಸುತ್ತಾನೆ, ಕಿಲೋಮೀಟರ್ ಬರೆದುಕೊಳ್ಳುತ್ತಾನೆ, ಮತ್ತೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೆಂಬುದೇ ಉರಿದ ಲೆಕ್ಕ. ಹೆದ್ದಾರಿಯ ಕಲ್ಲುಗಳೊಡನೆ ಓಡೋಮೀಟರನ್ನು ತಾಳೆ ನೋಡಿದ್ದಾನೆ. ಬಂಕಿನ ಅಳತೆಯಲ್ಲಿ ಸಂಶಯ ಬಂದರೆ, ಕಾನೂನುಮಾಪನ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆಪಾತ್ರೆ ಅಲ್ಲಿಯೇ ಇರಬೇಕು, ಗ್ರಾಹಕರು ಅದರಲ್ಲಿ ಹಿಡಿದು ತೋರಿಸಲು ಕೇಳಬಹುದು. ಒಮ್ಮೆ ಕೇಳಿಯೂ ನೋಡಿದನಂತೆ, ಅಳತೆ ಸರಿಯಾಗಿಯೇ ಇತ್ತು.

ಮೊದಲ ಸಲ 318 ಕಿಲೋಮೀಟರಿಗೆ 5.4 ಲೀಟರ್, ಲೀಟರಿಗೆ 58.9. ಎರಡನೆಯ ಸಲ 296ಕ್ಕೆ 4.8, ಅಂದರೆ 61.7. ಮೂರನೆಯ ಸಲ 305ಕ್ಕೆ 5.6, ಅಂದರೆ 54.5, ಆ ವಾರ ತಾಯಿಯನ್ನು ಕೂರಿಸಿಕೊಂಡು ಶರಣಬಸವೇಶ್ವರರ ದರ್ಶನಕ್ಕೆ ಎರಡು ಸಲ ಬಂದಿದ್ದ. ಹಾಗೆಂದು ಪುಟದ ಅಂಚಿನಲ್ಲಿ "ಅವ್ವ ಸಹಿತ" ಎಂದು ಬರೆದಿಟ್ಟಿದ್ದಾನೆ. ನಾಲ್ಕನೆಯ ಸಲದ ಲೆಕ್ಕವನ್ನು ಬರುವ ಸೋಮವಾರ ತರುತ್ತೇನೆಂದಿದ್ದಾನೆ.